ನಿತ್ಯವೂ ನೈಮಿತ್ತಿಕವೂ

ಹಿರಿಯರು ಕರ್ಮವನ್ನು ನಿತ್ಯವೆಂದೂ ನೈಮಿತ್ತಿಕವೆಂದೂ ವಿಭಾಗಿಸಿದರು. ದಿನದಿನವೂ ತಪ್ಪದೆ ಮಾಡತಕ್ಕುದು ನಿತ್ಯ. ವಿಶೇಷ ಕಾರಣವೊದಗಿದಾಗ ಮಾಡತಕ್ಕುದು ನೈಮಿತ್ತಿಕ. ಈ ವಿವೇಕವು ದೇವರ ಮನೆಗೆ ಮಾತ್ರವಲ್ಲ, ಸಣ್ಣ ಉದ್ಯೋಗಸ್ಥನ ಅಂಗಡಿಗೂ ಸಲ್ಲುತ್ತದೆ.

ನಮ್ಮ ಗಡಹಿಂಗ್ಲಜ ಸೀಮೆಯವರಿಗೆ ಪರಿಚಿತವಾದ ಇಚಲಕರಂಜಿಯನ್ನೇ ನೋಡಿರಿ. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಜಹಗೀರದಾರ ನಾರಾಯಣರಾವ ಘೋರ್ಪಡೆಯವರು ಉತ್ತೇಜನವಿತ್ತರು. ಆ ಸಾಹಸವಿಲ್ಲದಿದ್ದರೆ ಇಂದಿನ ಇಚಲಕರಂಜಿಯಿಲ್ಲ. ಆದುದರಿಂದ ಹೊಸತನ್ನು ಹಳಿಯುವುದು ಜಾಣತನವಲ್ಲ.

ಆದರೆ ಹೂಡಿದ ಮಗ್ಗವು ನಡೆಯುವುದು ಯಾವುದರಿಂದ? ಕಂಡಿಕೆ ಸುತ್ತುವುದು, ಹರಿದ ಎಳೆ ಕಟ್ಟುವುದು, ಎಣ್ಣೆ ಬಿಡುವುದು, ವಾರದ ಕೂಲಿ, ನೂಲಿನ ಬಾಕಿ, ಸಂಜೆಯ ಕೀರ್ದಿ — ಇವುಗಳಿಂದ. ನಾಲ್ಕು ಮಗ್ಗಗಳ ಧಣಿಯೊಬ್ಬನು ಹೊಸ ನಮೂನೆಯ ಉತ್ಸಾಹದಲ್ಲಿ ಕೂಲಿಯ ಹಣವನ್ನೇ ಅದಕ್ಕೆ ತೊಡಗಿಸಿದನೆನ್ನಿ. ಉತ್ಸಾಹ ಅವನದು, ಸಂತೆಯ ದಿನ ಬರಿಗೈಯಲ್ಲಿ ಮನೆಗೆ ಹೋಗುವವನು ನೇಕಾರ. ಆಗ ಲೆಕ್ಕದ ಪ್ರಶ್ನೆಯೇ ಧರ್ಮದ ಪ್ರಶ್ನೆಯಾಗುತ್ತದೆ: ನನ್ನ ಸಾಹಸದ ಬೆಲೆಯನ್ನು ತೆರುವವರು ಯಾರು?

ಲೆಕ್ಕ ಬರೆದು ಬದುಕುವ ನನಗೆ ತೋರುವ ದಾರಿ ಸರಳವಾದುದು. ಕೂಲಿ, ಬಾಕಿ, ಒಪ್ಪಿಕೊಂಡ ಮಾಲು ಮೊದಲು ಸಲ್ಲಲಿ. ಉಳಿದ ಲಾಭದಲ್ಲಿ ಒಂದು ಪಾಲನ್ನೂ ವಾರದಲ್ಲಿ ಗೊತ್ತಾದ ಒಂದು ಹೊತ್ತನ್ನೂ ಹೊಸದಕ್ಕೆ ಮೀಸಲಿಡಲಿ. ಸೋಮಾರಿತನದಿಂದ ಆ ಮೀಸಲನ್ನು ಮುರಿಯುವುದೂ ತಪ್ಪೇ. ಹಳೆಯ ಮಾಲಿಗೆ ಗಿರಾಕಿ ತಪ್ಪಿದ ದಿನವೂ ಬರಿಗೈಯಾಗುವವನು ಅದೇ ನೇಕಾರನು.

ಹಾಸು ಸಡಿಲವಾದ ಮಗ್ಗದಲ್ಲಿ ಎಂಥ ಬಣ್ಣದ ಹೊಕ್ಕೂ ಒಳ್ಳೆಯ ಬಟ್ಟೆಯಾಗದು. ಹೊಕ್ಕೇ ಇಲ್ಲದ ಹಾಸಾದರೋ ಬರಿಯ ನೂಲು.