ಗಣಿತವಿನೋದವೂ ಪ್ರಯೋಜನವೂ

ವಿದ್ಯೆಯನ್ನು ಪ್ರಯೋಜನಕ್ಕಾಗಿಯೇ ಕಲಿಯಬೇಕೋ, ಅದರಿಂದುಂಟಾಗುವ ಆನಂದವೇ ಸಾಕಾದ ಪ್ರಯೋಜನವೋ ಎಂಬ ಪ್ರಶ್ನೆಯು ಬಹು ಪುರಾತನವಾದುದು. ಗಣಕಯಂತ್ರವು ಮನೆಮನೆಗೂ ಬಂದಿರುವ ಈ ಕಾಲದಲ್ಲಿ ಅದು ಹೊಸ ವೇಷದಿಂದ ಬಾಗಿಲಿಗೆ ಬಂದು ನಿಂತಿದೆ. ಯಂತ್ರಕ್ಕೆ ಕ್ರಮವಿಧಿಯನ್ನು ಬರೆದು, ಗಣಿತದಿಂದ ಚಿತ್ರವನ್ನೋ ನಾದವನ್ನೋ ಒಗಟನ್ನೋ ರಚಿಸುವ ಸ್ಪರ್ಧೆಗಳು ಈಗ ದೇಶದೇಶಗಳಲ್ಲಿ ನಡೆಯುತ್ತಿವೆ. ಚಾಮರಾಜನಗರ ಸೀಮೆಯ ಉಡಿಗಾಲದಂತಹ ಗ್ರಾಮದಲ್ಲಿ ಬಾಲಕನೊಬ್ಬನು ಇಂತಹ ರಚನೆಯಲ್ಲಿ ಸಂಜೆಗಳನ್ನು ಕಳೆದನೆಂದಿಟ್ಟುಕೊಂಡರೆ, "ಮಗೂ, ಇದರಿಂದ ಹೊಟ್ಟೆ ತುಂಬೀತೆ?" ಎಂದು ತಾತನು ಕೇಳದಿರಲಾರನು. ಮಳೆಯನ್ನು ನಂಬಿ ಬಾಳುವ ಮನೆಯ ಈ ಮಾತನ್ನು ಅಜ್ಞಾನವೆಂದು ತಳ್ಳಿಬಿಡುವುದು ನ್ಯಾಯವಲ್ಲ.

ಉತ್ತರವನ್ನರಸಿ ದೂರ ಹೋಗಬೇಕಾದುದಿಲ್ಲ. ತಮ್ಮ ತಂದೆಯವರ ಜನ್ಮಸ್ಥಳವಾದ ಅರಿಕುಠಾರಕ್ಕೆ ೧೮೧೮ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಚದುರಂಗದ ಕುದುರೆಯ ನಡೆಯಲ್ಲಿ ಅತ್ಯಂತ ಪ್ರೀತಿಯಿದ್ದಿತು. ಕುದುರೆಯು ಮಣೆಯ ಮನೆಗಳೆಲ್ಲವನ್ನೂ ಒಂದೊಂದೇ ಸಲ ಮೆಟ್ಟಿ ಬರಬೇಕು. ಮೆಟ್ಟಿದ ಕ್ರಮದಲ್ಲಿ ಅಂಕೆಗಳನ್ನಿಟ್ಟರೆ ಸಾಲುಗಳ ಮೊತ್ತವು ಹೊಂದಬೇಕು. ಇಂತಹ ಬಂಧಗಳನ್ನು ಕಟ್ಟಿದ ಕೀರ್ತಿಯು ಆ ಪ್ರಭುಗಳಿಗುಂಟು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೆಂಬುದೂ ಒಂದಾಗಿದೆ. ೧೮೩೧ರಲ್ಲಿ ಆಡಳಿತವು ಆಂಗ್ಲರ ಕೈಸೇರಿತಾದ ಕಾರಣ, ಇದು ಅಧಿಕಾರವಿಲ್ಲದ ಅರಸರ ಕಾಲಹರಣವೆಂದು ಯಾರಾದರೂ ಆಡಬಹುದು. ಆದರೆ ಬಿಡುವು ದೊರೆತ ಅರಸರೆಲ್ಲರೂ ಅದನ್ನು ಹೀಗೆ ವಿನಿಯೋಗಿಸಲಿಲ್ಲವೆಂಬುದನ್ನು ಮರೆಯಬಾರದು. ಮೇಲಾಗಿ, ಪ್ರಜೆಗಳು ಆಜ್ಞೆಗೆ ಮಣಿದಾರು, ಅಂಕೆಯು ಮಣಿಯದು. ಸಾಲು ತಪ್ಪಿದರೆ ಸಿಂಹಾಸನದ ಮೇಲಿದ್ದವನೂ ಅಳಿಸಿ ಮರಳಿ ಬರೆಯಲೇಬೇಕು. ಸತ್ಯಕ್ಕೆ ತಲೆಬಾಗುವ ಈ ಅಭ್ಯಾಸವು ಗಣಿತವಿನೋದದ ಮೊದಲನೆಯ ಪ್ರಯೋಜನವು.

ಇಲ್ಲಿ ಆಲಂಕಾರಿಕರ ಆಕ್ಷೇಪವೊಂದುಂಟು. ಒಂಬತ್ತನೆಯ ಶತಮಾನದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ತುರಗಪದಬಂಧವನ್ನು ತೋರಿಸಿರುವನು. ಮೂವತ್ತೆರಡು ಮನೆಗಳಲ್ಲಿಟ್ಟ ಅಕ್ಷರಗಳನ್ನು ನೇರವಾಗಿ ಓದಿದರೂ ಕುದುರೆಯ ನಡೆಯಿಂದ ಓದಿದರೂ ಅದೇ ಶ್ಲೋಕವು ದೊರೆಯುವುದು. ಆದರೂ ಮಮ್ಮಟನೇ ಮೊದಲಾದವರು ಚಿತ್ರಕಾವ್ಯಕ್ಕೆ ಕೊಟ್ಟುದು ಕಡೆಯ ಸ್ಥಾನವನ್ನು. ವ್ಯಂಗ್ಯಾರ್ಥವಿಲ್ಲದ ಚಾತುರ್ಯದಿಂದ ಸಹೃದಯನಿಗೆ ತೃಪ್ತಿಯಿಲ್ಲ. ಹಾಗಾದರೆ ಗಣಿತದ ಚಾತುರ್ಯವೂ ಅಧಮವೆ? ಹಾಗೆನ್ನಲಾಗದು. ಕಾವ್ಯದಲ್ಲಿ ಬಂಧವು ಅರ್ಥವನ್ನು ಹೊರಬೇಕಾದ ಪಲ್ಲಕ್ಕಿಯು. ಪಲ್ಲಕ್ಕಿಯೇ ಮೆರೆದು ದೇವರು ಇಲ್ಲದೆ ಹೋದರೆ ಅದು ದೋಷವು. ಗಣಿತದಲ್ಲಾದರೋ ಬಂಧವೇ ಅರ್ಥವು. ಆದರೆ ಬಹುಮಾನಕ್ಕಾಗಿ ಬೆರಗುಗೊಳಿಸುವುದೊಂದೇ ಗುರಿಯಾಗಿ, ಏಕೆ ಹೀಗಾಯಿತೆಂಬುದನ್ನು ರಚಿಸಿದವನೇ ಅರಿಯದಿದ್ದಲ್ಲಿ, ಮಮ್ಮಟನ ಮಾತು ಅಲ್ಲಿಗೂ ತಗಲುವುದು.

ಯಂತ್ರವು ಬಂದ ಮೇಲೆ ಮನುಷ್ಯನ ವಿನೋದಕ್ಕೆ ಎಡೆಯೆಲ್ಲಿ ಎಂಬುದು ಮತ್ತೊಂದು ಶಂಕೆ. ಅರುವತ್ತನಾಲ್ಕು ಮನೆಗಳ ಮಣೆಯಲ್ಲಿ ಅಡ್ಡಸಾಲು, ಉದ್ದಸಾಲುಗಳೆಲ್ಲ ೨೬೦ ಆಗುವ ಕುದುರೆಯ ನಡೆಗಳುಂಟು. ಎರಡು ಕರ್ಣಗಳೂ ಹಾಗೆಯೇ ಆಗುವ ನಡೆಯುಂಟೆ ಎಂದು ಗಣಿತಪ್ರಿಯರು ನೂರೈವತ್ತು ವರ್ಷಗಳಿಗೂ ಮಿಕ್ಕಿ ಹುಡುಕುತ್ತಿದ್ದರು. ೨೦೦೩ರಲ್ಲಿ ಕೆಲವರು ಆಸಕ್ತರು ಗಣಕಯಂತ್ರಗಳಿಂದ ಸಾಧ್ಯವಾದುದೆಲ್ಲವನ್ನೂ ಶೋಧಿಸಿದರು. ತಿರುಗಿಸಿದ ಮತ್ತು ಪ್ರತಿಬಿಂಬಿಸಿದ ರೂಪಗಳನ್ನು ಬಿಟ್ಟು ಮೊದಲಿನ ಬಗೆಯವು ೧೪೦ ದೊರೆತುವು. ಕರ್ಣಗಳೂ ಹೊಂದುವುದು ಒಂದೂ ಇಲ್ಲ. ಎಣಿಸಿದುದು ಯಂತ್ರವು ನಿಜ. ಆದರೆ ಏನನ್ನು ಹುಡುಕಬೇಕೆಂದು ಬಯಸಿದವನು ಮನುಷ್ಯನು, "ಇಲ್ಲ" ಎಂಬ ಉತ್ತರದಿಂದಲೂ ತೃಪ್ತನಾದವನು ಮನುಷ್ಯನು. ಗೆದ್ದವನ ಬಹುಮಾನವು ಅವನೊಬ್ಬನ ಸೊತ್ತು. ದೊರೆತ ಸತ್ಯವು ಎಲ್ಲರ ಸೊತ್ತು.

ತಾತನ ಪ್ರಶ್ನೆಯು ಇನ್ನೂ ಉಳಿದಿದೆ. ವಿನೋದವು ಉಳ್ಳವರಿಗೆ ಮಾತ್ರವೆ? ಅವನ ಅಂಗಳವೇ ಇದಕ್ಕೆ ಉತ್ತರವನ್ನು ಹೇಳುವುದು. ಬಡವರ ಮನೆಯ ಹೆಂಗಸೂ ಬೆಳಗ್ಗೆ ಚುಕ್ಕಿಗಳನ್ನೆಣಿಸಿಟ್ಟು, ಗೆರೆಯು ಮೊದಲಾದಲ್ಲಿಗೇ ಬಂದು ಸೇರುವಂತೆ ರಂಗವಲ್ಲಿಯನ್ನು ಎಳೆಯುವಳು. ೧೯೭೪ರಲ್ಲಿ ಮದರಾಸಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ಎಂಬ ವಿದ್ವಾಂಸರು ಇಂತಹ ಚಿತ್ರಗಳಿಗೆ ಗಣಕಶಾಸ್ತ್ರದ ರೀತಿಯಲ್ಲಿ ವ್ಯಾಕರಣವನ್ನೇ ರಚಿಸಿ ಪ್ರಕಟಿಸಿದರು. ಮಧ್ಯಾಹ್ನದೊಳಗೆ ಕಾಲ್ತುಳಿತಕ್ಕೆ ಅಳಿದುಹೋಗುವ ಆ ಗೆರೆಗಳಿಂದ ಯಾರ ಹೊಟ್ಟೆಯೂ ತುಂಬಿಲ್ಲ. ಆದರೂ ಮರುದಿನ ಅವಳು ಬೇರೊಂದನ್ನು ಬರೆಯದೆ ಬಿಟ್ಟಿಲ್ಲ.

ಆದರೆ ಅವಳ ಕ್ರಮವನ್ನು ಬಾಲಕನು ಗಮನಿಸತಕ್ಕದ್ದು. ಗುಡಿಸಿ ಸಾರಿಸಿದ ಮೇಲೆಯೇ ಚುಕ್ಕಿಯಿಡುವುದು. ಮನೆಯ ಕೆಲಸವನ್ನು ಬಿಟ್ಟು ಬರೆದ ರಂಗವಲ್ಲಿಗೆ ಶೋಭೆಯಿಲ್ಲ. ತಾತನೂ ಒಂದನ್ನು ನೆನೆಯತಕ್ಕದ್ದು. ಸಾರಿಸಿದ ಅಂಗಳದಲ್ಲಿ ರಂಗವಲ್ಲಿಯಿಲ್ಲದಿದ್ದರೆ, ದಾರಿಹೋಕರು ಆ ಮನೆಯಲ್ಲಿ ಸೂತಕವೆಂದು ತಿಳಿದು ಮುಂದೆ ಹೋಗುವರು.