ಇಂದಿನ ಚಿಂತನೆ: ತ್ಯಾವಣಿಗೆಗೂ ಕಡಲಿಗೂ ಏನು ನಂಟು?



ಅಂಗುತ್ತರ ನಿಕಾಯದ ಪಹಾರಾದ ಸುತ್ತದಲ್ಲಿ ಕಡಲಿನ 8 ಗುಣಗಳು ಬರುತ್ತವೆ. ನಮಗೆಲ್ಲ ಪ್ರಿಯವಾದದ್ದು ಒಂದಿದೆ: ಕಡಲು ಸೇರಿದ ನದಿಗಳು ಹೆಸರು ಕಳೆದುಕೊಳ್ಳುತ್ತವೆ, ಸಂಘಕ್ಕೆ ಬಂದವರು ಜಾತಿಯನ್ನು ಕಳೆದುಕೊಂಡ ಹಾಗೆ. ಇನ್ನೊಂದು, ಕಡಲು ಹೆಣವನ್ನು ಒಳಗಿಟ್ಟುಕೊಳ್ಳದೆ ದಡಕ್ಕೆ ತಳ್ಳುತ್ತದೆ.

ಹೆಣವನ್ನೇನೋ ತಳ್ಳುತ್ತದೆ. ಕರಗಿದ ಯೂರಿಯಾವನ್ನು ಎಲ್ಲಿಗೆ ತಳ್ಳೀತು?

ಭದ್ರಾ ನಾಲೆಯ ನೀರಿನಲ್ಲಿ ನಾವು ಭತ್ತ ಬೆಳೆಯುತ್ತೇವೆ. ಗದ್ದೆಯ ಬಸಿನೀರು ಹಳ್ಳಕ್ಕೆ, ಹಳ್ಳ ತುಂಗಭದ್ರೆಗೆ, ಅದು ಕೃಷ್ಣೆಗೆ, ಕೃಷ್ಣೆ ಆಂಧ್ರದ ಹಂಸಲದೀವಿ ಬಳಿ ಬಂಗಾಳ ಕೊಲ್ಲಿಗೆ. ಅಲ್ಲಿ ಕಾಂಡ್ಲಾ ಕಾಡಿದೆ. ಅದರ ಬೇರುಗಳ ನಡುವೆ ಮೀನು, ಸಿಗಡಿ, ಏಡಿಯ ಮರಿಗಳು ಬೆಳೆಯುತ್ತವೆ. ಚಂಡಮಾರುತ ಬಂದರೆ ಅಲೆಯ ಹೊಡೆತವನ್ನು ಮೊದಲು ತಾಳುವುದೂ ಅದೇ. ಆ ಕಾಡಿಗೆ ಸಿಹಿನೀರೂ ಮೆಕ್ಕಲು ಮಣ್ಣೂ ಬೇಕು. ಹೊಸಪೇಟೆ, ಶ್ರೀಶೈಲ, ನಾಗಾರ್ಜುನಸಾಗರದ ಅಣೆಕಟ್ಟುಗಳಲ್ಲಿ ಎರಡೂ ನಿಲ್ಲುತ್ತವೆ. ಅಂದರೆ ನಾವು ಕಳಿಸುವುದಷ್ಟೇ ಅಲ್ಲ, ತಡೆದಿಟ್ಟುಕೊಳ್ಳುವುದೂ ಲೆಕ್ಕಕ್ಕೆ ಬರುತ್ತದೆ.

"ಬೇಕಂತ ಮಾಡಿದ್ದಲ್ಲವಲ್ಲ, ಕರ್ಮಕ್ಕೆ ಮೂಲ ಚೇತನ ತಾನೆ?" ಎಂದು ನೀವು ಕೇಳಬಹುದು. ನಿಜ, ನೀರಿನ ದಾರಿ ಗೊತ್ತಿಲ್ಲದಿದ್ದಾಗ ಆ ಮಾತು ಸಲ್ಲುತ್ತಿತ್ತು. ಗೊತ್ತಾದ ಮೇಲೆ ಎರಚುವ ಹೆಚ್ಚಿನ ಅರ್ಧ ಚೀಲ ಗೊತ್ತಿದ್ದೇ ಎರಚಿದ್ದು. ಹೆಸರು ಕಳೆದುಕೊಳ್ಳುವುದು ಜಾತಿಗೆ ಬಿಡುಗಡೆ. ತಪ್ಪಿಗೆ ಅದು ಅಡಗುತಾಣ. ಕಡಲಿನಲ್ಲಿ ಇದು ಯಾರ ಗದ್ದೆಯದು ಎಂದು ಕೇಳುವವರಿಲ್ಲ.

ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಇಳಿಸೋಣ ಎಂದು ತಮ್ಮನಿಗೆ ಹೇಳಿದೆ. "ಇಳುವರಿ ಕಮ್ಮಿ ಆದ್ರೆ ನಿನ್ ಸಂಬಳದಾಗೆ ಕೊಡ್ತೀಯೇನಣ್ಣ?" ಅಂದ. ಇನ್ನೂ ಉತ್ತರ ಕೊಟ್ಟಿಲ್ಲ.