ಬಟ್ಟಲಲ್ಲಿರುವುದು ಮತ್ತು ಕೈಯಲ್ಲಿರುವುದು

ಯಾರ ಜೊತೆ ಕುಳಿತು ಉಣ್ಣಬೇಕು, ಯಾರ ಕೈಯ ನೀರು ಕುಡಿಯಬೇಕು ಎಂಬುದನ್ನು ಧರ್ಮದ ವಿಷಯವೆಂದೇ ಎಣಿಸಿದ್ದ ಸಮಾಜದೊಳಕ್ಕೆ, ಧರ್ಮಶಾಸ್ತ್ರಕಾರರು ಹೆಸರನ್ನೂ ಕೇಳಿರದಿದ್ದ ಪೇಯವೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ಸೇರಿತು. ಮಧ್ಯಾಹ್ನದ ಚಹಾದ ಇತಿಹಾಸವನ್ನು ರುಚಿ ಮತ್ತು ಶಿಷ್ಟಾಚಾರಗಳ ಇತಿಹಾಸವೆಂದು ಬರೆಯುವುದು ವಾಡಿಕೆ; ಆದರೆ ಮುಂಬಯಿ ಬಳಿಯ ಕಲ್ಯಾಣ, ಡೊಂಬಿವಲಿ, ಠಾಣೆಗಳ ಕಡೆಯಿಂದ ನೋಡಿದಾಗ, ಶುದ್ಧಿ ಎಂಬುದು ಎಲ್ಲಿ ನೆಲೆಸಿರುತ್ತದೆ ಎಂಬ ಪ್ರಶ್ನೆಯೇ ಅದರಲ್ಲಿ ಎದ್ದು ಕಾಣುತ್ತದೆ.

ಇಂಗ್ಲೆಂಡಿನಲ್ಲಿ ಈ ರೂಢಿ 1840ರ ದಶಕದಲ್ಲಿ ಬೆಳೆಯಿತೆಂದೂ, ಬೆಡ್‌ಫರ್ಡ್‌ನ ಏಳನೆಯ ಡಚೆಸ್ ಆನ್ನಾ ನಡುಹಗಲಿನ ಲಘು ಊಟಕ್ಕೂ ರಾತ್ರಿಯ ತಡವಾದ ಭೋಜನಕ್ಕೂ ನಡುವಿನ ಹಸಿವನ್ನು ನೀಗಿಕೊಳ್ಳಲು ಚಹಾ ತರಿಸಿಕೊಳ್ಳುತ್ತಿದ್ದಳೆಂದೂ ಹೇಳುತ್ತಾರೆ. ‘ಹೈ ಟೀ’ ಇದಕ್ಕಿಂತ ಬೇರೆ: ಕೆಲಸದಿಂದ ಮರಳಿದ ದುಡಿಮೆಗಾರರು ಸಂಜೆ ಊಟದ ಎತ್ತರದ ಮೇಜಿನಲ್ಲಿ ಬ್ರೆಡ್ಡು, ಮಾಂಸಗಳೊಂದಿಗೆ ಮಾಡುತ್ತಿದ್ದ ಹೊಟ್ಟೆತುಂಬುವ ಊಟಕ್ಕೆ ಆ ಹೆಸರಿತ್ತು. ಇಂದು ನಮ್ಮ ದೊಡ್ಡ ಹೋಟೆಲುಗಳು ಸಿರಿವಂತರ ಉಪಾಹಾರವನ್ನು ಅದೇ ಹೆಸರಿನಿಂದ ಕರೆಯುವುದರಿಂದ ಶ್ರಮಿಕರ ಮಾತು ಶ್ರೀಮಂತರ ಪಾಲಾಗಿದೆ.

ಭಾರತದಲ್ಲಿ ಚಹಾಕ್ಕೆ ಎದುರಾದ ತೊಡಕು ಇನ್ನೊಂದು ಬಗೆಯದು. ನೀರಿನಲ್ಲಿ ಬೆಂದ ಅನ್ನ ಮುಸುರೆ, ಅಂದರೆ ಸ್ಪರ್ಶದಿಂದ ಬೇಗನೆ ಮೈಲಿಗೆಯಾಗುವಂಥದು. ಹಾಲಿಗೂ ಹಣ್ಣಿಗೂ ತುಪ್ಪದಲ್ಲಿ ಕರಿದದ್ದಕ್ಕೂ ಆ ದೋಷ ಅಷ್ಟಾಗಿ ತಗಲದು ಎಂಬುದು ಮಡಿವಂತರ ಮನೆಗಳ ತಿಳಿವಳಿಕೆ. ಚಹಾವಾದರೋ ಹಾಲಿನ ಕಡೆಯಿಂದ ನೋಡಿದರೆ ನಿರ್ದೋಷ, ನೀರಿನ ಕಡೆಯಿಂದ ನೋಡಿದರೆ ಸದೋಷ, ಕಷಾಯವೆಂದು ಗಣಿಸಿದರೆ ಔಷಧಕ್ಕಿರುವ ವಿನಾಯಿತಿಗೂ ಅರ್ಹ.

ಈ ಇಕ್ಕಟ್ಟನ್ನು ಬೀದಿಗೆ ತಂದವರು ಗೋಪಾಳರಾವ್ ಜೋಶಿ. ಕಲ್ಯಾಣದಲ್ಲಿ ಅಂಚೆ ಗುಮಾಸ್ತರಾಗಿದ್ದಾಗ ಅವರು ಮದುವೆಯಾದದ್ದು ಅಲ್ಲಿನ ಮನೆತನದ ಆನಂದೀಬಾಯಿಯನ್ನು. 1886ರಲ್ಲಿ ಅಮೆರಿಕದಲ್ಲಿ ವೈದ್ಯಪದವಿ ಪಡೆದ ಆಕೆ ಮರುವರ್ಷವೇ ತೀರಿಕೊಂಡರು. 1890ರ ಅಕ್ಟೋಬರಿನಲ್ಲಿ ಪುಣೆಯ ಪಂಚಹೌದ್ ಕ್ರೈಸ್ತ ಮಿಷನ್ನಿನಲ್ಲಿ ಸೇರಿದ ಸಭೆಗೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ, ಬಾಲಗಂಗಾಧರ ತಿಲಕ ಮೊದಲಾದವರು ಬಂದಿದ್ದರು. ಅವರ ಮುಂದೆ ಚಹಾ, ಬಿಸ್ಕತ್ತು ಇಡಲಾಯಿತು. ಕೆಲವರು ಕುಡಿದರು, ಕೆಲವರು ಬಟ್ಟಲನ್ನು ಕೈಗೆತ್ತಿಕೊಂಡು ಹಾಗೆಯೇ ಕೆಳಗಿಟ್ಟರು. ಗೋಪಾಳರಾಯರು ಬಂದವರ ಹೆಸರುಗಳನ್ನು ‘ಪುಣೆ ವೈಭವ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದಾಗ ಗ್ರಾಮಣ್ಯ, ಅಂದರೆ ಜಾತಿಬಹಿಷ್ಕಾರದ ವಿವಾದ, ಹೊತ್ತಿಕೊಂಡಿತು. ದೂರು ಹೋದದ್ದು ಇಂದಿನ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಶಂಕರಾಚಾರ್ಯ ಪೀಠಕ್ಕೆ. ಪೀಠದಿಂದ ನೇಮಕಗೊಂಡ ಶಾಸ್ತ್ರಿಗಳ ಮುಂದೆ ತಿಲಕರು ತಾವು ಕಾಶಿಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡಿರುವುದಾಗಿ ಹೇಳಿದರು. ರಾನಡೆಯವರು 1892ರಲ್ಲಿ ಪ್ರಾಯಶ್ಚಿತ್ತಕ್ಕೆ ಒಪ್ಪಿ ಸುಧಾರಕ ಮಿತ್ರರ ಮುನಿಸಿಗೆ ಗುರಿಯಾದರು. ಮನೆಮಂದಿಯ, ಬಂಧುಬಳಗದ ನೆಮ್ಮದಿಗಾಗಿ ತಲೆಬಾಗಿದ ಹಿರಿಯರನ್ನು ಇಂದು ಹಗುರಾಗಿ ನಿಂದಿಸುವುದು ನ್ಯಾಯವಲ್ಲ. ಆದರೆ ಇಡೀ ಪ್ರಕರಣದಲ್ಲಿ ಹಾಲು, ನೀರು, ಸೊಪ್ಪುಗಳ ವಿಚಾರ ಹಿಂದೆ ಸರಿದು, ಬಟ್ಟಲನ್ನು ಕೊಟ್ಟ ಕೈ ಯಾರದೆಂಬುದೊಂದೇ ಉಳಿಯಿತೆಂಬುದನ್ನು ಗಮನಿಸಬೇಕು.

ಪುಣೆಯ ಈ ಪ್ರಕರಣದ ಪಕ್ಕದಲ್ಲಿ ಕೊಂಕಣದ ಒಂದು ಘಟನೆಯನ್ನು ಇಟ್ಟು ನೋಡುವುದು ಅಗತ್ಯ. 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರನ್ನು ಕುಡಿದರು; ಬಳಿಕ ಸವರ್ಣರು ಆ ಕೆರೆಯನ್ನು ಪಂಚಗವ್ಯದಿಂದ, ಎಂದರೆ ಹಸುವಿನ ಹಾಲು, ಮೊಸರು, ತುಪ್ಪ, ಗಂಜಲ, ಸಗಣಿಗಳಿಂದ, ‘ಶುದ್ಧ’ಗೊಳಿಸಿದರು. ಪುಣೆಯಲ್ಲಿ ದೋಷ ಅಂಟಿದ್ದು ಕುಡಿದವರಿಗೆ, ಮಹಾಡದಲ್ಲಿ ಅಂಟಿದ್ದು ಕುಡಿದ ನೀರಿಗೆ. ಮೈಲಿಗೆ ವಸ್ತುವಿನ ಗುಣವಾಗಿದ್ದರೆ ಅದು ಹೀಗೆ ದಿಕ್ಕು ಬದಲಿಸಲು ಸಾಧ್ಯವಿಲ್ಲ. ಅಧಿಕಾರ ಯಾರ ಕಡೆಯಿದೆಯೋ ಅವರ ಕಡೆಯಿಂದ ಅದು ಹರಿಯುತ್ತದೆ.

ಕನ್ನಡಿಗರಿಗೆ ಕಲ್ಯಾಣವೆಂದೊಡನೆ ನೆನಪಾಗುವುದು ಬೀದರ ಜಿಲ್ಲೆಯ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಶರಣರು ದಾಸೋಹವನ್ನು, ಅಂದರೆ ಕಾಯಕದಿಂದ ಬಂದದ್ದನ್ನು ತಾನು ಸೇವಕನೆಂಬ ಭಾವದಿಂದ ಹಂಚುವುದನ್ನು, ಧರ್ಮವೆಂದು ಕರೆದರು. 1854ರಲ್ಲಿ ರೈಲು ಕಂಡ ಈ ಇನ್ನೊಂದು ಕಲ್ಯಾಣದಲ್ಲಿ ಸಹಪಂಕ್ತಿ ಬೇರೆ ದಾರಿಯಿಂದ ಬಂದಿತು. ಕರಾವಳಿ ಕರ್ನಾಟಕದವರು ನಡೆಸುವ ಉಡುಪಿ ಹೋಟೆಲಿನಲ್ಲಿ ನಾಲ್ಕು ಗಂಟೆಯ ಹೊತ್ತಿಗೆ ಪರಿಚಯವೇ ಇಲ್ಲದ ನಾಲ್ವರು ಒಂದೇ ಮೇಜಿಗೆ ಕುಳಿತು ಚಹಾ ಕುಡಿಯುತ್ತಾರೆ. ಹೊರಗಿನ ಟಪರಿಯಲ್ಲಿ, ಅಂದರೆ ಬೀದಿಬದಿಯ ಚಹಾದಂಗಡಿಯಲ್ಲಿ, ಒಂದು ಗ್ಲಾಸನ್ನು ಎರಡು ‘ಕಟಿಂಗ್’ ಮಾಡಿ ಹಂಚಿಕೊಳ್ಳುತ್ತಾರೆ. ದುಡ್ಡು ಕೊಟ್ಟವರ ಕುಲವನ್ನು ಗಲ್ಲಾ ಕೇಳುವುದಿಲ್ಲ. ಹಣದಿಂದ ದೊರೆತ ಈ ಸಮಾನತೆಯಲ್ಲಿ ದಾಸೋಹಭಾವ ಇಲ್ಲ ಎಂಬ ಆಕ್ಷೇಪ ಸರಿಯೇ. ಆದರೂ ಶಾಸ್ತ್ರವಾದಗಳಿಂದ ಆಗದ ಕೆಲಸವನ್ನು ಅದು ದಿನನಿತ್ಯ ಮಾಡುತ್ತಿದೆ. ಅದನ್ನು ಕೀಳೆಂದು ತಳ್ಳಿಹಾಕುವುದು ಕೃತಘ್ನತೆ.

ದಾಸೋಹದ ಪ್ರಶ್ನೆ ಈಗ ಮನೆಯೊಳಗಿದೆ. ಪಾತ್ರೆ ತೊಳೆಯಲು ಬರುವ ಹೆಂಗಸಿಗೂ ಮಧ್ಯಾಹ್ನದ ಚಹಾ ಕೊಡುವ ಒಳ್ಳೆಯ ರೂಢಿ ಈ ನಗರಗಳ ಎಷ್ಟೋ ಮನೆಗಳಲ್ಲಿದೆ. ಅದೇ ಪಾತ್ರೆಯಲ್ಲಿ ಕುದಿದ, ಅದೇ ಹಾಲಿನ ಚಹಾ. ಅದನ್ನು ಸುರಿಯುವ ಸ್ಟೀಲ್ ಲೋಟ ಮಾತ್ರ ಹಲವು ಮನೆಗಳಲ್ಲಿ ಇಂದಿಗೂ ಬೇರೆ. ಆಕೆ ಅದನ್ನು ತಾನೇ ತೊಳೆದು ಕಿಟಕಿಯ ಅಂಚಿನಲ್ಲಿ ಕವುಚಿಟ್ಟು ಹೋಗುತ್ತಾಳೆ.